ಕ್ಯಾರಿ (ಕಾದಂಬರಿ)

ಕ್ಯಾರಿ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ಮೊದಲ ಪ್ರಕಟಿತ ಕಾದಂಬರಿ. 1974ರ ಏಪ್ರಿಲ್‌ನಲ್ಲಿ ಡಬಲ್‌ಡೇ ಸಂಸ್ಥೆಯು ಇದನ್ನು ಹೊರತಂದಿತು.

ಕಥೆ ನಡೆಯುವುದು ಮೇಯ್ನ್ ರಾಜ್ಯದ ಚೇಂಬರ್ಲೇನ್ ಎಂಬ ಊರಿನಲ್ಲಿ. ಪ್ರೌಢಶಾಲಾ ವಿದ್ಯಾರ್ಥಿನಿ ಕ್ಯಾರಿ ವೈಟ್ ವರ್ಷಗಳಿಂದ ಸಹಪಾಠಿಗಳ ಹೀಯಾಳಿಕೆಗೆ ಗುರಿಯಾದವಳು. ತಾಯಿ ಮಾರ್ಗರೆಟ್ ಮತಾಂಧೆ. ದೇಹದ ಸಹಜ ಧರ್ಮಗಳನ್ನೂ ಪಾಪವೆಂದು ಬಗೆದು ಮಗಳಿಗೆ ಋತುಸ್ರಾವದ ವಿಚಾರವನ್ನೇ ತಿಳಿಸಿರುವುದಿಲ್ಲ. ಶಾಲೆಯಲ್ಲಿ ಮೊದಲ ಬಾರಿಗೆ ರಕ್ತ ಕಂಡು ತಾನು ಸಾಯುತ್ತಿರುವೆನೆಂದು ಹೆದರಿದ ಹುಡುಗಿಯನ್ನು ಇಡೀ ತರಗತಿ ಗೇಲಿ ಮಾಡುತ್ತದೆ. ಮುಟ್ಟದೆಯೇ ವಸ್ತುಗಳನ್ನು ಚಲಿಸುವ ಶಕ್ತಿ ಅವಳಲ್ಲಿ ಪ್ರಬಲವಾಗುವುದು ಆ ಬಳಿಕವೇ.

ಪಶ್ಚಾತ್ತಾಪಗೊಂಡ ಸೂ ಸ್ನೆಲ್ ತನ್ನ ಗೆಳೆಯ ಟಾಮಿಯನ್ನೇ ಕ್ಯಾರಿಯ ಜೊತೆಗಾರನಾಗಿ ನೃತ್ಯಕೂಟಕ್ಕೆ ಕಳುಹಿಸುತ್ತಾಳೆ. ಶಿಕ್ಷೆಯಿಂದ ಕೂಟದ ಪ್ರವೇಶ ಕಳೆದುಕೊಂಡ ಕ್ರಿಸ್ ಹಗೆ ಸಾಧಿಸುತ್ತಾಳೆ: ವೇದಿಕೆಯ ಮೇಲಿದ್ದ ಕ್ಯಾರಿಯ ತಲೆಗೆ ಹಂದಿಯ ರಕ್ತ ಸುರಿಯುತ್ತದೆ. ಸಭೆ ನಗುತ್ತದೆ. ಅನಂತರ ಸಭಾಂಗಣವೂ ಊರಿನ ಬಹುಭಾಗವೂ ಬೆಂಕಿಗೆ ಆಹುತಿಯಾಗುತ್ತವೆ. ನಿರಪರಾಧಿಗಳೂ ಸಾಯುತ್ತಾರೆ, ಈ ಸೇಡಿಗೆ ನ್ಯಾಯದ ತೂಕವಿಲ್ಲ.

ಪತ್ರಿಕಾ ವರದಿ, ತನಿಖಾ ಆಯೋಗದ ಸಾಕ್ಷ್ಯ, ವಿದ್ವತ್‌ಗ್ರಂಥಗಳ ಭಾಗ (ಎಲ್ಲವೂ ಕಲ್ಪಿತ) ಇವನ್ನು ಕಥನದ ನಡುನಡುವೆ ಹೆಣೆಯಲಾಗಿದೆ. ಕ್ಯಾರಿಯ ಶಕ್ತಿಯ ಮೂಲವನ್ನು ಶ್ರದ್ಧೆಯಿಂದ ಶೋಧಿಸುವ ಈ ದಾಖಲೆಗಳು ಅವಳು ಅನುಭವಿಸಿದ ಹಿಂಸೆಯ ಬಗ್ಗೆ ಅಷ್ಟು ಕುತೂಹಲ ತೋರುವುದಿಲ್ಲ. ಕಾದಂಬರಿಯ ನಿಜವಾದ ಭಯಾನಕತೆ ಇರುವುದು ಇಲ್ಲಿ.

ಆಗ ಶಾಲಾ ಶಿಕ್ಷಕರಾಗಿದ್ದ ಕಿಂಗ್, ತಾವು ಕಂಡಿದ್ದ ಇಬ್ಬರು ಒಂಟಿ ಹುಡುಗಿಯರ ನೆನಪಿನಿಂದ ಈ ಪಾತ್ರವನ್ನು ರೂಪಿಸಿದರು. ಕಸದ ಬುಟ್ಟಿಗೆ ಎಸೆದಿದ್ದ ಆರಂಭದ ಪುಟಗಳನ್ನು ಪತ್ನಿ ಟ್ಯಾಬಿತಾ ಎತ್ತಿಕೊಂಡು ಓದಿ, ಮುಂದುವರಿಸುವಂತೆ ಒತ್ತಾಯಿಸಿದರು. 1976ರಲ್ಲಿ ಬ್ರಯಾನ್ ಡಿ ಪಾಲ್ಮಾ ಇದನ್ನು ಚಲನಚಿತ್ರವಾಗಿಸಿದರು. ಮಗಳಾಗಿ ಸಿಸಿ ಸ್ಪೇಸೆಕ್, ತಾಯಿಯಾಗಿ ಪೈಪರ್ ಲಾರಿ ನಟಿಸಿದ್ದು, ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.