ಶುಗರ್ ನಾರ್ಮಲ್ ಆದರೆ ಮಾತ್ರೆ ಬಿಡಬಹುದೆ?

ಬೀಚನಹಳ್ಳಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕಿದ್ದರು. "ಸಕ್ಕರೆ ಕಾಯಿಲೆ ವಾಸಿಯಾಯ್ತು ಮೇಷ್ಟ್ರೇ. ಶುಗರ್ ನಾರ್ಮಲ್ ಬಂತು. ಅನ್ನ ಬಿಟ್ಟು ಮುದ್ದೆ ಉಣ್ತಿದೀನಿ, ಇನ್ನು ಮಾತ್ರೆ ಯಾಕೆ ಅಂತ ಬಿಟ್ಟುಬಿಟ್ಟೆ" ಎಂದರು. ಮಾತ್ರೆ ನುಂಗುತ್ತಿದ್ದುದರಿಂದಲೇ ನಾರ್ಮಲ್ ಬಂದದ್ದು ಎಂಬುದು ಅವರಿಗೆ ಹೊಳೆದಿರಲಿಲ್ಲ.

ನಾವು ಉಂಡ ಪಿಷ್ಟ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಅದು ಜೀವಕೋಶಗಳೊಳಗೆ ಹೋಗಲು ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಮಾತ್ರೆ ಅದನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ರಾಗಿಯಲ್ಲಿ ನಾರಿನಂಶ ಹೆಚ್ಚು, ನಿಜ. ಆದರೆ ಪಿಷ್ಟವೂ ಧಾರಾಳವಾಗಿದೆ. ಆದ್ದರಿಂದ ಮುದ್ದೆಯ ಗಾತ್ರಕ್ಕೂ ಮಿತಿ ಬೇಕು.

ಕಬಿನಿ ಜಲಾಶಯದ ಒಂದು ದಿನದ ಮಟ್ಟ ನೋಡಿ ಇಡೀ ಮಳೆಗಾಲ ಹೇಗಿತ್ತೆಂದು ಹೇಳಲಾದೀತೆ? ಒಂದು ದಿನದ ರಕ್ತ ಪರೀಕ್ಷೆಯೂ ಹಾಗೆಯೇ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದರ ಹೀಮೋಗ್ಲೋಬಿನ್‌ಗೆ ಅಂಟಿದ ಗ್ಲೂಕೋಸನ್ನು ಅಳೆಯುವ 'ಎಚ್‌ಬಿಎ1ಸಿ' ಪರೀಕ್ಷೆ ಎರಡು-ಮೂರು ತಿಂಗಳ ಸರಾಸರಿಯನ್ನು ತಿಳಿಸುತ್ತದೆ.

ಕೆಲವು ತಿಂಗಳ ನಂತರ ಅವರ ಅಂಗಾಲಿಗೆ ಗದ್ದೆಯಲ್ಲಿ ಮುಳ್ಳು ಚುಚ್ಚಿತು. ನರಗಳು ಜಡವಾಗಿದ್ದರಿಂದ ನೋವೇ ತಿಳಿಯಲಿಲ್ಲ, ಗಾಯ ಕೀವುಗಟ್ಟಿತು. ಕಾಲು ಉಳಿದದ್ದು ಅದೃಷ್ಟ.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಹಿರಿಯರ ಔಷಧಿ ಚೀಟಿಯನ್ನು ಒಮ್ಮೆ ಓದಿ ಹೇಳಿ. ಯಾವ ಮಾತ್ರೆ, ಊಟಕ್ಕೆ ಮೊದಲೋ ನಂತರವೋ ಎಂದು ತಿಳಿಸಿ. ವೈದ್ಯರನ್ನು ಕೇಳದೆ ನಿಲ್ಲಿಸದಂತೆ ನೋಡಿಕೊಳ್ಳಿ. ಪಾಠದಲ್ಲಿ ಓದಿದ ಇನ್ಸುಲಿನ್ ಹೀಗೆ ಮನೆಗೂ ಉಪಯೋಗಕ್ಕೆ ಬರಲಿ.