ಬ್ಯಾಟರಿ ತಂದವನಿಗೆ ಏನು ಗೊತ್ತಿತ್ತು?



ಬನಹಟ್ಟಿಯ ಪೇಟೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಪರಿಚಯದ ಹಿರಿಯರೊಬ್ಬರು "ತಮ್ಮಾ, ಎರಡು ಸೆಲ್ ತಂದು ಕೊಡಪಾ" ಎನ್ನುತ್ತಾರೆ. ನೀವು ತಂದುಕೊಡುತ್ತೀರಿ. ಅವು ರೇಡಿಯೋಕ್ಕೋ ಟಾರ್ಚಿಗೋ ಎಂದು ಕೇಳುವುದಿಲ್ಲ. ಮುಂದೆ ಆ ಸೆಲ್ಲುಗಳು ಒಂದು ಘೋರ ಕೃತ್ಯಕ್ಕೆ ಬಳಕೆಯಾದವೆಂದು ತಿಳಿದರೆ ನೀವು ಅಪರಾಧಿಯೇ? ತರುವಾಗ ನಿಮಗೆ ಏನು ಗೊತ್ತಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ.

ಇದು ಕಲ್ಪನೆಗಷ್ಟೇ ಸೇರಿದ ಪ್ರಶ್ನೆಯಲ್ಲ. ರಾಜೀವ್ ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ ಮೂರು ದಶಕಗಳ ಕಾಲ ಚರ್ಚೆಗೆ ಒಳಗಾದ ಪ್ರಶ್ನೆ.

1991ರ ಮೇ 21ರ ರಾತ್ರಿ ತಮಿಳುನಾಡಿನ ಶ್ರೀಪೆರಂಬುದೂರಿನ ಚುನಾವಣಾ ಸಭೆಯಲ್ಲಿ ಧನು ಎಂಬ ಯುವತಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಾಂಬನ್ನು ಸ್ಫೋಟಿಸಿದಳು. ಮಾಜಿ ಪ್ರಧಾನಿಯೊಂದಿಗೆ ಕರ್ತವ್ಯದಲ್ಲಿದ್ದ ಪೊಲೀಸರೂ ಸೇರಿ ಹಲವರು ಸತ್ತರು. ಸಂಚು ಎಲ್.ಟಿ.ಟಿ.ಇ. ಸಂಘಟನೆಯದೆಂದು ತನಿಖೆ ತೋರಿಸಿತು. ಸಿ.ಬಿ.ಐ.ನ ವಿಶೇಷ ತನಿಖಾ ತಂಡದ ಮುಖ್ಯಸ್ಥರಾಗಿದ್ದ ಡಿ.ಆರ್. ಕಾರ್ತಿಕೇಯನ್ ನಮ್ಮ ಕರ್ನಾಟಕ ಕೇಡರಿನ ಪೊಲೀಸ್ ಅಧಿಕಾರಿ. ಸಂಚಿನ ಸೂತ್ರಧಾರ ಶಿವರಾಸನ್ ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದ. ಆಗಸ್ಟ್ 20ರ ಬೆಳಿಗ್ಗೆ ಪೊಲೀಸರು ಒಳಹೊಕ್ಕಾಗ ಸಿಕ್ಕಿದ್ದು ಅವನದೂ ಸೇರಿ ಏಳು ಶವಗಳು.

ಹೀಗೆ ಮುಖ್ಯರಾದವರಲ್ಲಿ ಹಲವರು ಸತ್ತಿದ್ದರು. ವಿಚಾರಣೆಗೆ ಉಳಿದವರು ಸಹಾಯ ಮಾಡಿದವರು, ಆಶ್ರಯ ಕೊಟ್ಟವರು, ಒಡನಾಡಿದವರು. 1998ರ ಜನವರಿ 28ರಂದು ಟಾಡಾ ವಿಶೇಷ ನ್ಯಾಯಾಲಯ ಎಲ್ಲ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. 1999ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬಹುಮಟ್ಟಿಗೆ ಬದಲಿಸಿತು. ನಾಲ್ವರಿಗೆ ಮಾತ್ರ ಮರಣದಂಡನೆ ಉಳಿಯಿತು, ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು, 19 ಮಂದಿ ಬಿಡುಗಡೆಯಾದರು. ಕೊಲೆ ನಡೆದ ಮೇಲೆ ಹಂತಕರಿಗೆ ಆಶ್ರಯ ಕೊಡುವುದು ಬೇರೆ, ಕೊಲೆಯ ಸಂಚಿನಲ್ಲಿ ಮೊದಲೇ ಪಾಲುಗೊಳ್ಳುವುದು ಬೇರೆ ಎಂಬ ವ್ಯತ್ಯಾಸ ಇಲ್ಲಿ ಮುಖ್ಯವಾಯಿತು.

ಮರಣದಂಡನೆ ಉಳಿದ ನಾಲ್ವರಲ್ಲಿ ಪೆರಾರಿವಾಳನ್ ಒಬ್ಬ. 1991ರ ಜೂನ್‌ನಲ್ಲಿ ಬಂಧನವಾದಾಗ ಅವನ ವಯಸ್ಸು 19, ಅಂದರೆ ನಿಮ್ಮಲ್ಲಿ ಹಲವರ ವಯಸ್ಸು. ಶಿವರಾಸನ್‌ಗೆ ಎರಡು 9 ವೋಲ್ಟಿನ ಬ್ಯಾಟರಿಗಳನ್ನು ತಂದುಕೊಟ್ಟನೆಂಬುದು ಅವನ ಮೇಲಿನ ಮುಖ್ಯ ಆಪಾದನೆ. ಬ್ಯಾಟರಿ ಎಂಬುದು ವಸ್ತು. ಅದನ್ನು ಅಳೆಯಬಹುದು, ಪರೀಕ್ಷಿಸಬಹುದು. ತಂದವನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಮಾಪಕ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಅಲ್ಲಿಗೆ ಬೇಕಾದದ್ದು ಸಾಕ್ಷ್ಯ. ಆ ಸಾಕ್ಷ್ಯದಲ್ಲಿ ಮುಖ್ಯ ಪಾತ್ರ ವಹಿಸಿದ್ದು ಪೊಲೀಸ್ ಅಧಿಕಾರಿಯೊಬ್ಬರು ದಾಖಲಿಸಿದ ತಪ್ಪೊಪ್ಪಿಗೆ ಹೇಳಿಕೆ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಗಮನಿಸಿ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿರಲಿಲ್ಲ. 2024ರಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನೂ ಈ ನಿಯಮವನ್ನು ಉಳಿಸಿಕೊಂಡಿದೆ. ಠಾಣೆಯೊಳಗಿನ ಮಾತಿನ ಹಿಂದೆ ಭಯವೋ ಬಲವಂತವೋ ಇರಬಹುದೆಂಬುದೇ ಕಾರಣ. ಆದರೆ ಟಾಡಾ ಕಾನೂನಿನ 15ನೇ ಕಲಮು ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗೆ ಮನ್ನಣೆ ಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಟಾಡಾದ ಭಯೋತ್ಪಾದನಾ ಆರೋಪಗಳು ರುಜುವಾತಾಗಿಲ್ಲವೆಂದಿತು. ಆದರೂ ಅದೇ ಕಾನೂನಿನಡಿ ಪಡೆದ ತಪ್ಪೊಪ್ಪಿಗೆಗಳನ್ನು ಕೊಲೆ ಸಂಚಿನ ಆರೋಪಕ್ಕೆ ಬಳಸಬಹುದೆಂದು ಹೇಳಿತು. ಇತರ ಸಾಂದರ್ಭಿಕ ಸಾಕ್ಷ್ಯಗಳನ್ನೂ ನ್ಯಾಯಾಲಯ ಪರಿಗಣಿಸಿತ್ತೆಂಬುದನ್ನು ಮರೆಯಬಾರದು.

2013ರಲ್ಲಿ ಅನಿರೀಕ್ಷಿತವಾದುದು ನಡೆಯಿತು. ಪೆರಾರಿವಾಳನ್‌ನ ಹೇಳಿಕೆಯನ್ನು ಬರೆದುಕೊಂಡಿದ್ದ ನಿವೃತ್ತ ಅಧಿಕಾರಿ ವಿ. ತ್ಯಾಗರಾಜನ್, ಬ್ಯಾಟರಿ ಯಾತಕ್ಕೆಂದು ತನಗೆ ಗೊತ್ತಿರಲಿಲ್ಲವೆಂದು ಅವನು ಹೇಳಿದ್ದನ್ನು ತಾವು ದಾಖಲಿಸಲಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಪ್ರಮಾಣಪತ್ರವನ್ನೂ ಸಲ್ಲಿಸಿದರು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಗಂಭೀರತೆ ಬೇಗ ಅರ್ಥವಾದೀತು. ಪ್ರಯೋಗದಲ್ಲಿ ಹತ್ತು ರೀಡಿಂಗ್ ಬಂದು, ಒಂದು ಹೊಂದುವುದಿಲ್ಲವೆಂದು ಅದನ್ನು ಬರೆಯದೆ ಬಿಟ್ಟರೆ ಉಳಿದ ಒಂಬತ್ತೂ ಸರಿಯಿದ್ದರೂ ನಿಮ್ಮ ದಾಖಲೆ ಪೂರ್ಣವಲ್ಲ. ಪ್ರಯೋಗವನ್ನಾದರೆ ನಾಳೆ ಮತ್ತೆ ಮಾಡಬಹುದು. 1991ರ ಆ ವಿಚಾರಣೆಯ ದಿನವನ್ನು ಮತ್ತೆ ತರಲಾಗದು.

ಹಾಗಾದರೆ ಅವನು ನಿರ್ದೋಷಿಯೆಂದು ತೀರ್ಪಾಯಿತೇ? ಇಲ್ಲ. ಕ್ಷಮಾದಾನದ ಅರ್ಜಿ 11 ವರ್ಷ ನೆನೆಗುದಿಗೆ ಬಿದ್ದದ್ದರಿಂದ 2014ರ ಫೆಬ್ರವರಿ 18ರಂದು ಅವನ ಮರಣದಂಡನೆ ಜೀವಾವಧಿಗೆ ಇಳಿಯಿತು. ಬಿಡುಗಡೆಗೆ ತಮಿಳುನಾಡು ಸಚಿವ ಸಂಪುಟ 2018ರಲ್ಲಿ ಮಾಡಿದ ಶಿಫಾರಸಿನ ಮೇಲೆ ರಾಜ್ಯಪಾಲರು ತೀರ್ಮಾನ ಕೈಗೊಳ್ಳದೆ ಇದ್ದಾಗ, 2022ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವೇ ಸಂವಿಧಾನದ 142ನೇ ವಿಧಿಯನ್ನು ಬಳಸಿ ಅವನನ್ನು ಬಿಡುಗಡೆ ಮಾಡಿತು. ಉಳಿದ ಆರು ಮಂದಿಯ ಬಿಡುಗಡೆಗೆ ನವೆಂಬರ್ 11ರಂದು ಆದೇಶವಾಯಿತು. ಶಿಕ್ಷೆ ಮುಗಿಯಿತು, ಅಪರಾಧ ನಿರ್ಣಯ ರದ್ದಾಗಲಿಲ್ಲ. ಇವೆರಡರ ಅಂತರವನ್ನು ಪತ್ರಿಕೆ ಓದುವಾಗ ನೆನಪಿಡಿ.

ಅಂದು ಸತ್ತವರ ಮನೆಯವರಿಗೆ ಈ ಬಿಡುಗಡೆ ನೋವು ತಂದಿದ್ದರೆ ಅದು ಸಹಜ. ಅವರ ನೋವಿಗೆ ಸಲ್ಲಬೇಕಾದದ್ದು ಸಂಶಯಕ್ಕೆ ಎಡೆಯಿಲ್ಲದ ನ್ಯಾಯ. 1999ರ ಶಿಕ್ಷೆ ಕೂಡಲೇ ಜಾರಿಯಾಗಿದ್ದರೆ 2013ರ ಮಾತನ್ನು ಕೇಳಲು ಆರೋಪಿಯೇ ಇರುತ್ತಿರಲಿಲ್ಲ. ಹೇಳಿಕೆಯ ಪ್ರತಿ ಮಾತನ್ನೂ ಅಂದೇ ಬರೆದಿದ್ದರೆ ಈ ವಿವಾದವೇ ಇಷ್ಟು ಬೆಳೆಯುತ್ತಿರಲಿಲ್ಲ. ನಿಮ್ಮ ಕಾಲೇಜಿನ ಚರ್ಚಾಕೂಟಕ್ಕೆ ಈ ಪ್ರಶ್ನೆಯನ್ನು ಒಯ್ಯಿರಿ: ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ತೀರ್ಮಾನಿಸಲು, ಪೊಲೀಸರು ಬರೆದ ಕಾಗದವೊಂದನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?