ಹೊರೆ ಒಂದೇ, ಸೆಳೆತ ಬೇರೆ

ನೀರು ತುಂಬಿದ ಬಕೆಟ್ಟನ್ನು ಇಬ್ಬರು ಹಿಡಿದು ನಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಹತ್ತಿರವಿದ್ದಾಗ ಹೊರೆ ಹಗುರ. ದೂರ ಸರಿದಂತೆಲ್ಲ ತೋಳುಗಳು ಸೋಲುತ್ತವೆ. ನೀರಿನ ತೂಕ ಹೆಚ್ಚಲಿಲ್ಲ, ಹೆಚ್ಚಿದುದೇನು?

ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದ ಕಡಲಿನಲ್ಲಿ, 1974ರಲ್ಲಿ ಪತ್ತೆಯಾದ ಮುಂಬಯಿ ಹೈ ತೈಲಕ್ಷೇತ್ರವುಂಟು. ಅಲ್ಲಿ ಉಕ್ಕಿನ ಅಟ್ಟಗಳ ಮೇಲೆ ದುಡಿಯುವವರಿಗೆ ಈ ಪ್ರಶ್ನೆ ಜೀವನ್ಮರಣದ್ದು. ಅವರಿಗೆ ಬೇಕಾದ ಕೊಳವೆ, ಯಂತ್ರಗಳನ್ನು ಹಡಗಿನಿಂದ ಕ್ರೇನು ಮೇಲೆತ್ತಬೇಕು.

2 ಟನ್ ತೂಕದ ಪೆಟ್ಟಿಗೆಯೊಂದನ್ನು ಕ್ರೇನಿನ ಕೊಕ್ಕೆಗೆ ಎರಡು ಸಮನಾದ ಉಕ್ಕಿನ ಹಗ್ಗಗಳಿಂದ ತೂಗಿದ್ದಾರೆನ್ನೋಣ. ಹಗ್ಗಗಳು ನೆಟ್ಟಗಿದ್ದರೆ ಒಂದೊಂದರ ಸೆಳೆತ 1 ಟನ್. ಅವು ಓರೆಯಾಗಿ ಕ್ಷಿತಿಜ ಮಟ್ಟದೊಡನೆ 60 ಡಿಗ್ರಿ ಕೋನ ಮಾಡಿದರೆ ಸುಮಾರು 1.15 ಟನ್, 45 ಡಿಗ್ರಿಯಾದರೆ 1.41, 30 ಡಿಗ್ರಿಯಾದರೆ ಪೂರಾ 2 ಟನ್! ಓರೆ ಹಗ್ಗದ ಸೆಳೆತದಲ್ಲಿ ಒಂದಂಶ ಮಾತ್ರ ಹೊರೆಯನ್ನೆತ್ತುತ್ತದೆ. ಇನ್ನೊಂದಂಶ ಎದುರು ಹಗ್ಗವನ್ನು ಜಗ್ಗುವುದರಲ್ಲೇ ವ್ಯಯವಾಗುತ್ತದೆ. ಹಗ್ಗವನ್ನು ಉದ್ದಮಾಡಿದರೆ ಕೋನ ಹಿರಿದಾಗಿ ಸೆಳೆತ ತಗ್ಗುವುದು.

ಕಡಲು ಇನ್ನೊಂದು ತೊಡಕನ್ನು ಒಡ್ಡುತ್ತದೆ. ಕೊಕ್ಕೆ ಸಿಕ್ಕಿಸಿದೊಡನೆ ಹಡಗು ಅಲೆಯೊಂದಿಗೆ ಕುಸಿದರೆ, ಸಡಿಲವಿದ್ದ ಹಗ್ಗ ಥಟ್ಟನೆ ಬಿಗಿದು ಸೆಳೆತ ಹಲವು ಮಡಿಯಾಗಬಹುದು. ಆದುದರಿಂದಲೇ ಅಲೆಗಳು ಹಿರಿದಾದಂತೆ ಕ್ರೇನಿನ ಹೊರೆಯ ಮಿತಿಯನ್ನು ತಗ್ಗಿಸುತ್ತಾರೆ. ಹಡಗು ಅಲೆಯ ನೆತ್ತಿಗೇರಿದಾಗ ಹೊರೆಯನ್ನು ಎತ್ತುತ್ತಾರೆ. ತೂಗುವ ಹೊರೆಯ ಕೆಳಗೆ ಯಾರೂ ನಿಲ್ಲಬಾರದೆಂಬುದು ಕಟ್ಟಳೆ.

ತರಗತಿಯಲ್ಲಿ ನಾವು ಬೇಸರದಿಂದ ಬಾಯಿಪಾಠ ಮಾಡುವ ಸೈನ್ ಕೋಷ್ಟಕವು ಅಲ್ಲಿ ಮನುಷ್ಯರ ಪ್ರಾಣವನ್ನು ಕಾಯುತ್ತದೆ.